ಹತ್ತೊಂಬತ್ತು ಡಿಗ್ರಿಯ ಮೀನುಗಳು

ಮಂಗಳೂರಿನಿಂದ ಹೊರಟ ವಿಮಾನ ನಾಲ್ಕು ಗಂಟೆಯಲ್ಲಿ ಬಹ್ರೇನ್ ತಲುಪಿತು. ಹೋಗಿಬರುವ ಟಿಕೆಟ್‌ಗೆ ಮೂವತ್ತೊಂದು ಸಾವಿರ ರೂಪಾಯಿ ಕೊಟ್ಟಿದ್ದೆ. ಜೂನ್ ತಿಂಗಳ ಮಂಗಳವಾರ, ಸಂಜೆ ಆರಕ್ಕೂ ಹೊರಗೆ ಮೂವತ್ತೊಂಬತ್ತು ಡಿಗ್ರಿ. ನಿಲ್ದಾಣದ ಬಾಗಿಲು ದಾಟುತ್ತಲೇ ಕನ್ನಡಕದ ಗಾಜು ಮಸುಕಾಯಿತು. ತಂಗಿ ಸುಜಾತಳ ಗಂಡ ದಿನೇಶ ಕಾರು ತಂದಿದ್ದ. ಗುಫೂಲ್‌ನ ಅವರ ಫ್ಲಾಟ್‌ಗೆ ಇಪ್ಪತ್ತು ನಿಮಿಷದ ದಾರಿ.

ಹಾಲ್‌ನಲ್ಲಿ ಟಿವಿ ಇರಬೇಕಾದ ಜಾಗದಲ್ಲಿ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ ಇತ್ತು. ಒಳಗೆ ಬೆರಳುದ್ದದ ಹನ್ನೆರಡು ಮೀನು; ಮೈ ನೇರಳೆ ಬೆರೆತ ಗುಲಾಬಿ, ರೆಕ್ಕೆಗಳು ತಿಳಿನೀಲಿ. ಹೆಸರು ರೇನ್‌ಬೋ ಶೈನರ್. ಅಮೆರಿಕದ ಅಲಬಾಮ ಕಡೆಯ ತಣ್ಣನೆಯ ತೊರೆಗಳ ಜಾತಿ, ಆದರೆ ಇವು ತೊಟ್ಟಿಯಲ್ಲೇ ಹುಟ್ಟಿದವು. ಮಾಹೂಝ್‌ನಲ್ಲಿದ್ದ ಅಮೆರಿಕನ್ ದಂಪತಿ ಎರಡು ವರ್ಷದ ಹಿಂದೆ ತಮ್ಮ ದೇಶಕ್ಕೆ ಮರಳುವಾಗ ಮೀನು, ತೊಟ್ಟಿ, ನೀರು ತಂಪು ಮಾಡುವ ಚಿಲ್ಲರ್ ಎಲ್ಲವನ್ನೂ ದಿನೇಶನ ಮಗಳು ನಿಧಿಗೆ ಕೊಟ್ಟು ಹೋಗಿದ್ದರು. ನಿಧಿ ಈಸಾ ಟೌನ್‌ನ ಶಾಲೆಯಲ್ಲಿ ಒಂಬತ್ತನೇ ತರಗತಿ.

"ನಮ್ಮ ಎಸಿ ಇಪ್ಪತ್ನಾಲ್ಕು, ಇವಕ್ಕೆ ಹತ್ತೊಂಬತ್ತು" ಎಂದ ದಿನೇಶ. "ಬಂಗುಡೆ ಪುಳಿಮುಂಚಿ ತಿನ್ನುವ ಜನ ನಾವು ಭಾವ. ಈ ಮನೆಯಲ್ಲಿ ಮೀನಿಗೆ ಇರುವ ಮರ್ಯಾದೆ ನನಗಿಲ್ಲ."

"ಪಪ್ಪಾ, ಸ್ಟಾಪ್" ಎಂದ ನಿಧಿ ನನ್ನತ್ತ ತಿರುಗಿದಳು. "ಮಾಮ, ಎರಡು ವರ್ಷ ಇವು ಸುಮ್ನೆ ಗ್ರೇ ಇದ್ವು. ಲಾಸ್ಟ್ ವೀಕ್ ಕಲರ್ ಬಂತು. ಅಂದ್ರೆ ಈ ಕಲ್ಲುಗಳ ನಡುವೆ ಮೊಟ್ಟೆ ಇಡ್ತಾವೆ. ಫಸ್ಟ್ ಟೈಮ್."

ಬುಧವಾರ ಮನಾಮಾದ ಹಳೆಯ ಪೇಟೆ ಸೂಕ್ ಸುತ್ತಿದೆ. ಇನ್ನೂರು ಫಿಲ್ಸ್‌ಗೆ ಕರಕ್ ಚಹಾ, ತಂದೂರಿನಿಂದ ಆಗಷ್ಟೇ ತೆಗೆದ ಖುಬ್ಝ್ ರೊಟ್ಟಿ. ಅಂದೇ ಇನ್ನೊಂದು ಸಂಗತಿಯನ್ನೂ ಬರೆದುಕೊಂಡೆ. ನೀರಿನ ಟ್ಯಾಂಕ್ ಟೆರೇಸಿನ ಬಿಸಿಲಿನಲ್ಲಿ ಕಾಯುವುದರಿಂದ ಇಲ್ಲಿ ಬೇಸಿಗೆಯಲ್ಲಿ ತಣ್ಣೀರಿನ ನೀಲಿ ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು ಬರುತ್ತದೆ. ಗೀಸರ್ ಆರಿಸಿಟ್ಟರೆ ಅದರೊಳಗಿನ ನೀರು ಮನೆಯ ತಂಪಿಗೆ ತಣಿದಿರುತ್ತದೆ. ಹಾಗಾಗಿ ಸ್ನಾನಕ್ಕೆ ಕೆಂಪು ನಲ್ಲಿ. ಓದುಗರಿಗೆ ಸ್ವಾರಸ್ಯವೆನಿಸೀತೆಂದು ಅಡಿಗೆರೆಯನ್ನೂ ಎಳೆದೆ.

ಗುರುವಾರ ತಂಗಿ ಮತ್ತು ದಿನೇಶ ಆಫೀಸಿಗೆ, ನಿಧಿ ಶಾಲೆಗೆ ಹೋಗಿದ್ದರು. ತೊಟ್ಟಿಯ ನೀರು ಎರಡಂಗುಲ ಇಳಿದಿತ್ತು. ಸಂಜೆ ನಿಧಿಯೇ ಬಕೆಟ್‌ನಲ್ಲಿ ನೀರು ಹದ ಮಾಡಿ ತುಂಬಿಸುವವಳಿದ್ದಳು. ನನಗೆ ಯಾರೂ ಹೇಳಿರಲಿಲ್ಲ. ಬೆನ್ನುನೋವಿನವನು ಬಕೆಟ್ ಎತ್ತುವುದೇಕೆ ಎಂದು ಅಡುಗೆಮನೆಯ ನಲ್ಲಿಗೆ ಪೈಪ್ ಸಿಕ್ಕಿಸಿ ತೊಟ್ಟಿಗೆ ಬಿಟ್ಟೆ. ಐವತ್ತೆಂಟು ವರ್ಷದ ಅಭ್ಯಾಸದ ಕೈ ನೀಲಿಯನ್ನೇ ತಿರುಗಿಸಿತು. ಬೆರಳಿಟ್ಟು ನೋಡಿದೆ, ತಣ್ಣಗಿತ್ತು. ಅದು ಮನೆಯೊಳಗಿನ ಕೊಳವೆಯಲ್ಲಿ ನಿಂತಿದ್ದ ನೀರು. ಅಷ್ಟರಲ್ಲಿ ನಮ್ಮ ಪತ್ರಿಕೆಯ ಡೆಸ್ಕಿನಿಂದ ಫೋನ್ ಬಂತು. ಒಂದು ಶೀರ್ಷಿಕೆಯ ವಿಷಯ, ಹದಿನೈದು ನಿಮಿಷ ಮಾತಾಡಿದೆ.

ಮರಳಿ ಬಂದಾಗ ಗಾಜು ಬೆಚ್ಚಗಿತ್ತು. ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯುತ್ತಿದ್ದವು. ಗಂಟೆ ಹನ್ನೆರಡೂ ಮೂವತ್ತೈದು. ನಲ್ಲಿ ನಿಲ್ಲಿಸಿ ಫ್ರಿಜ್‌ನಲ್ಲಿದ್ದ ಐಸನ್ನೆಲ್ಲ ಸುರಿದೆ. ಹೆಚ್ಚಾದ ನೀರನ್ನು ಚೊಂಬಿನಲ್ಲಿ ತೆಗೆದು ಮಟ್ಟವನ್ನು ಮೊದಲಿದ್ದಲ್ಲಿಗೆ ಇಳಿಸಿದೆ. ನೆಲ ಒರೆಸಿದೆ, ಪೈಪ್ ಸುತ್ತಿಟ್ಟೆ. ಮೊದಲ ಕೆಲಸ ಮೀನಿಗಾಗಿ. ಉಳಿದದ್ದೆಲ್ಲ ನನಗಾಗಿ.

ಮೂರು ಗಂಟೆಗೆ ಶಾಲೆಯ ಬಸ್ಸಿಳಿದು ಬಂದ ನಿಧಿ ಚೀಲ ಕೆಳಗಿಡಲಿಲ್ಲ. ಏಳು ಮೀನು ಸತ್ತಿದ್ದವು. ಥರ್ಮಾಮೀಟರ್ ನೋಡಿದಳು, ಇಪ್ಪತ್ತೊಂದು; ಅಷ್ಟಕ್ಕೆ ಸಾಯುವವಲ್ಲ. ಚಿಲ್ಲರ್ ಮೇಲೆ ಕೈಯಿಟ್ಟಳು, ಓಡುತ್ತಿತ್ತು.

"ಬೆಳಿಗ್ಗೆ ಎಕ್ಸ್‌ಟ್ರಾ ಹುಳ ಹಾಕಿದ್ದೆ" ಎಂದಳು. "ಮೊಟ್ಟೆ ಇಡುವಾಗ ಜಾಸ್ತಿ ತಿನ್ಲಿ ಅಂತ. ಜಾಸ್ತಿ ಆಯ್ತೋ ಏನೋ. ನೀವು ನೋಡಿದ್ರಾ ಮಾಮ, ಯಾವಾಗ ಶುರುವಾಯ್ತು?"

"ನಾನು ರೂಮಲ್ಲಿ ಬರೀತಾ ಇದ್ದೆ" ಎಂದೆ.

ಅವಳಲ್ಲಿ ಒಂದು ನೋಟ್‌ಬುಕ್ ಇತ್ತು; ಎರಡು ವರ್ಷಗಳ ಉಷ್ಣತೆ, ಆಹಾರ, ಬಣ್ಣ ಎಲ್ಲವೂ ತಾರೀಖಿನ ಸಮೇತ. ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಳು: ಏಳು ಸಾವು, ಕಾರಣ ಅತಿ ಆಹಾರ, ತಪ್ಪು ನನ್ನದು. ಎದುರಿಗೆ ಕುಳಿತು ನಾನು ಓದಿದೆ. ರಾತ್ರಿ ಅವಳು ಊಟಕ್ಕೆ ಬರಲಿಲ್ಲ. ನಾನು ಎರಡನೇ ಸಲ ಸಾರು ಹಾಕಿಸಿಕೊಂಡೆ.

ಶುಕ್ರವಾರ ರಜೆ. ಅವಳ ಮನಸ್ಸು ಹಗುರಾಗಲೆಂದು ಸಂಜೆ ಅಧಾರಿಗೆ ಹೊರಟೆವು. ಹಿಂದೆ ಸಿಹಿನೀರಿನ ಬುಗ್ಗೆಯಿದ್ದ ಜಾಗ. ಬುಗ್ಗೆ ಬತ್ತಿದೆ, ಸುತ್ತ ಉದ್ಯಾನ ಮಾಡಿದ್ದಾರೆ. ಕಾರಿನಲ್ಲಿ ನಿಧಿ ಇದ್ದಕ್ಕಿದ್ದಂತೆ ಹೇಳಿದಳು: "ಪಪ್ಪಾ, ರಿಫಾದಲ್ಲಿ ಒಬ್ಬ ಅಂಕಲ್ ಇದ್ದಾರೆ, ಟ್ಯಾಂಕ್ ಇಡುವವರು. ಉಳಿದ ಐದನ್ನು ಅವರಿಗೆ ಕೊಡ್ತೇನೆ. ನಂಗೆ ಸಾಕ್ಲಿಕ್ಕೆ ಬರುವುದಿಲ್ಲ."

"ಎಂತ ಸಾವು ಮಾರಾಯ್ತಿ, ಎರಡು ವರ್ಷ ಸಾಕಿದ್ದಲ್ವಾ" ಎಂದಳು ಸುಜಾತ.

"ಸಾಕಿ ಕೊಂದೆ. ಮೆಸೇಜ್ ಮಾಡಿದ್ದೇನೆ. ನಾಳೆ ಬರ್ತಾರೆ."

ಉದ್ಯಾನದಲ್ಲಿ, ಅವಳಪ್ಪ ಅಮ್ಮ ಟಿಕೆಟ್‌ಗೆ ನಿಂತಾಗ, ನಿಧಿಗೆ ಹೇಳಿದೆ. ನೀಲಿ ನಲ್ಲಿ, ಫೋನ್, ಚೊಂಬು, ಒರೆಸಿದ ನೆಲ. ಯಾವುದನ್ನೂ ಬಿಡಲಿಲ್ಲ.

"ಐಸ್ ಹಾಕಿದ್ರಾ?" ಎಂದಳು.

"ಹೌದು."

"ಅದೂ ತಪ್ಪು. ಸಡನ್ನಾಗಿ ತಣ್ಣಗೆ ಮಾಡ್ಬಾರ್ದು. ನಂಗೆ ಫೋನ್ ಮಾಡಿದ್ರೆ ಹೇಳ್ತಿದ್ದೆ, ಇನ್ನೂ ನಾಲ್ಕೈದು ಉಳೀತಿತ್ತು."

ದಿನೇಶನಿಗೆ ವಿಷಯ ತಿಳಿದಾಗ ನನ್ನ ಹೆಗಲು ತಟ್ಟಿದ. "ಬಿಡಿ ಭಾವ, ಮೀನಲ್ವಾ." ನಿಧಿಗೆ ಅದು ಕೇಳಿಸಿತು.

ಮನೆಗೆ ಬಂದು ನೋಟ್‌ಬುಕ್ ನನ್ನ ಮುಂದಿಟ್ಟು ಪೆನ್ ಕೊಟ್ಟಳು. ಮೂವತ್ತು ವರ್ಷ ಪತ್ರಿಕೆಯಲ್ಲಿ ತಿದ್ದುಪಡಿಗಳನ್ನು ಬರೆದವನು ನಾನು, ಒಳಪುಟದ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ. ಅವಳ ಸಾಲನ್ನು ಹೊಡೆದು ಕೆಳಗೆ ಬರೆದೆ: ಕಾರಣ ಬಿಸಿನೀರು, ತಪ್ಪು ಮಾಮನದು.

"ಟೈಮ್ ಹಾಕಿ. ಎಲ್ಲದಕ್ಕೂ ಟೈಮ್ ಉಂಟು ಇದ್ರಲ್ಲಿ."

ಗುರುವಾರ ಹನ್ನೆರಡೂ ಮೂವತ್ತೈದು ಎಂದು ಬರೆದೆ. ಅವಳು ಪೆನ್ ತೆಗೆದುಕೊಂಡು ಅದರ ಕೆಳಗೆ, ನನಗೆ ಹೇಳಿದ್ದು ಶುಕ್ರವಾರ ಐದೂ ಹತ್ತು, ಎಂದು ಸೇರಿಸಿದಳು. ಆಮೇಲೆ ರಿಫಾದವರಿಗೆ ಫೋನ್ ಮಾಡಿ, ಮೀನು ಕೊಡುವುದಿಲ್ಲ, ಸಾರಿ ಅಂಕಲ್, ಎಂದಳು.

ಶನಿವಾರ ಮಧ್ಯಾಹ್ನ ಹೊರಡುವಾಗ ತೊಟ್ಟಿಯ ಮೇಲೆ ದಪ್ಪನೆಯ ಟವೆಲ್ ಹೊದಿಸಿತ್ತು. ಚಿಲ್ಲರ್‌ನ ಸದ್ದಷ್ಟೇ ಕೇಳುತ್ತಿತ್ತು. ಒಮ್ಮೆ ನೋಡಿ ಹೋಗಲೇ ಎಂದು ನಿಧಿಯನ್ನು ಕೇಳಿದೆ.

"ಹೆದರಿದ ಮೀನಿಗೆ ಕತ್ತಲೆ ಬೇಕು ಮಾಮ. ಯಾರನ್ನೂ ಕಾಣ್ಬಾರ್ದು."

"ಎಷ್ಟು ದಿನ?"

"ಗೊತ್ತಿಲ್ಲ" ಎಂದು ಅವಳು ಟವೆಲಿನ ತುದಿ ಸರಿಪಡಿಸಿದಳು. ಕೆಳಗೆ ದಿನೇಶ ಹಾರನ್ ಹೊಡೆದ. ನಾನು ಸೂಟ್‌ಕೇಸ್ ಎತ್ತಿಕೊಂಡೆ.