ಪಂಕ್ಚರ್ ಅಕ್ಕನ ಬೀಗದ ಡಬ್ಬಿ

ಪಂಕ್ಚರ್ ಅಕ್ಕ ಸೊಂಟಕ್ಕೆ ಬೀಗದ ಕೈ ಸಿಕ್ಕಿಸಿಕೊಂಡು ಕೂರುವುದನ್ನು ಕಂಡು, ಪಕ್ಕದ ತಗಡಿನ ಡಬ್ಬಿಯಲ್ಲಿ ದೊಡ್ಡ ಗಂಟೇ ಇದೆಯೆಂದು ಬೀದಿಯೆಲ್ಲ ನಂಬಿತ್ತು. ಇದನ್ನು ಬರೆಯುವವನೂ ಆ ಜಾಣರಲ್ಲೊಬ್ಬ. ಸಂಪಾದನೆಯ ಚಿಲ್ಲರೆ ಎಲ್ಲರ ಕಣ್ಣೆದುರೇ ತಟ್ಟೆಯಲ್ಲಿ ಬಿದ್ದಿರುತ್ತಿತ್ತೆಂಬುದು ಯಾವ ಜಾಣನಿಗೂ ಹೊಳೆಯಲಿಲ್ಲ. ಡಬ್ಬಿಯಲ್ಲಿದ್ದದ್ದು ಟ್ಯೂಬಿಗೆ ತೇಪೆ ಅಂಟಿಸುವ ಸಲ್ಯೂಷನ್.

ಅವಳ ಅಂಗಡಿಯೆಂದರೆ ಒಂದು ಗೋಡೆ, ಮೇಲೊಂದು ಟಾರ್ಪಾಲು, ಒಂದು ಬೋಗುಣಿ ನೀರು. ಗಂಡ ಹೋದಮೇಲೆ ಪಂಪು ಅವಳ ಕೈಗೆ ಬಂತು. ಶಾಲೆ ಮುಗಿಸಿ ಮಗಳೂ ಬಂದು ಕೂರುತ್ತಿದ್ದಳು. ಹದಿನಾಲ್ಕರ ಹುಡುಗಿ, ಮಾತಿನ ಮಲ್ಲಿ. "ಅಮ್ಮಾ, ಇದ್ರಲ್ಲಿ ಬರೀ ತೇಪೆನೇ ಇದೆ, ಟ್ಯೂಬ್ ಎಲ್ಲಿ ಹುಡ್ಕೋದು?" ಎಂದು ಗಿರಾಕಿಯ ಮುಖಕ್ಕೇ ಹೇಳುವವಳು.

ಒಂದು ಸಂಜೆ ಅಕ್ಕ ನೀರು ತರಲು ಹೋಗಿದ್ದಾಗ, ಎರಡು ಗುಂಪುಗಳ ಹಳೇ ಜಗಳ ಆ ಬೀದಿಗೇ ಬಂತು. ಮಚ್ಚಿನೇಟು ತಿಂದವನೊಬ್ಬ ಓಡಿಬಂದು, ಮಗಳು ಗಾಳಿ ತುಂಬುತ್ತಿದ್ದ ಚಕ್ರವನ್ನೇ ಹಿಡಿದು ಕುಸಿದ. ಮನೆಗಳ ಬಾಗಿಲು ದಡದಡನೆ ಮುಚ್ಚಿಕೊಂಡವು. ಅವನು ಕೂಗಿ ಕೂಗಿ ಸುಮ್ಮನಾಗುವವರೆಗೂ ಹುಡುಗಿಯ ಕೈಯಲ್ಲಿ ಪಂಪು ಹಾಗೇ ಇತ್ತು.

ಮರುದಿನ ಅಕ್ಕ ನೆಲ ತೊಳೆದು, "ಆಗಿದ್ದು ಆಗೋಯ್ತು ಕಣೇ. ಪಂಪ್ ಹಿಡಿ" ಎಂದಳು.

ಮಗಳ ಮಾತು ನಿಂತಿತು. ಸಲ್ಯೂಷನ್ ಬೇಗಬೇಗ ಮುಗಿಯತೊಡಗಿತು. ಅಕ್ಕ ಸಾಮಾನಿನ ಅಂಗಡಿಗೆ ಹೋಗಿ ಜಗಳ ತೆಗೆದಳು: "ಸಲ್ಯೂಷನ್ ಬದ್ಲು ಗಾಳಿ ತುಂಬಿ ಮಾರ್ತೀಯೇನಯ್ಯಾ? ಗಾಳಿ ನಮ್ಮ ಹತ್ರಾನೇ ಬೇಕಾದಷ್ಟಿದೆ!" ಅಂಗಡಿಯವನು ನಕ್ಕ, ಅವಳೂ ನಕ್ಕಳು. ವಾಪಸು ಬಂದರೆ, ಗೋಡೆಯ ಹಿಂದೆ ಮಗಳು ಸಲ್ಯೂಷನ್ ಹಚ್ಚಿದ ಬಟ್ಟೆಯನ್ನು ಮೂಗಿಗೊತ್ತಿಕೊಂಡು, ಅದರ ಮತ್ತಿನಲ್ಲಿ ಕೂತಿದ್ದಳು.

ಅಕ್ಕ ಹೊಡೆಯಲು ಕೈಯೆತ್ತಿದಳು.

"ಇದಿದ್ರೆ ಅವ್ನು ಕೂಗೋದು ಕೇಳ್ಸಲ್ಲಮ್ಮ."

ಎತ್ತಿದ ಕೈ ಹಾಗೇ ಇಳಿಯಿತು.

ಅಂದಿನಿಂದ ಡಬ್ಬಿಗೆ ಬೀಗ, ವಾರಕ್ಕೊಮ್ಮೆ ಆಸ್ಪತ್ರೆ. ಹುಡುಗಿ ಒಮ್ಮೊಮ್ಮೆ ಗೆಲುವಾಗಿರುತ್ತಾಳೆ. ಎಲ್ಲೋ ಒಂದು ಟೈರು ಸಿಡಿದರೆ ಸಾಕು, ಕೈ ಡಬ್ಬಿಯತ್ತ ಹೋಗುತ್ತದೆ. ಆ ಕೈಯನ್ನು ಅಕ್ಕ ಹಿಡಿದುಕೊಂಡು ಕೂರುತ್ತಾಳೆ, ಗಿರಾಕಿ ಕಾಯುತ್ತಾನೆ.

ವಿಷಯ ಎಲ್ಲರಿಗೂ ತಿಳಿದ ಮೇಲೆ, ಮೊನ್ನೆ ಬೀದಿ ಸಂಘದ ಅಧ್ಯಕ್ಷರು, ದುಶ್ಚಟಗಳ ವಿರುದ್ಧ ಭಾಷಣ ಮುಗಿಸಿ, ಎದೆಯ ಬ್ಯಾಡ್ಜನ್ನೂ ತೆಗೆಯದೆ ಸ್ಕೂಟರಿಗೆ ಗಾಳಿ ಹಾಕಿಸಲು ಬಂದರು. ಭಾಷಣ ಇನ್ನೂ ಗಂಟಲಲ್ಲೇ ಇತ್ತು.

"ಅಲ್ಲಮ್ಮಾ, ನಮ್ಮಂಥ ಮರ್ಯಾದಸ್ಥರ ಬೀದೀಲಿ ಬೆಳೆದ ಹುಡುಗಿಗೆ ಈ ಚಟ ಎಲ್ಲಿಂದ ಬಂತು?"

ಅಕ್ಕ ಪಂಪು ನಿಲ್ಲಿಸಲಿಲ್ಲ. "ಅವತ್ತು ನೀವೆಲ್ಲ ಬಾಗ್ಲು ಹಾಕ್ಕೊಂಡ್ರಿ ಸ್ವಾಮಿ. ನಮ್ಮಂಗಡಿಗೆ ಬಾಗ್ಲಿಲ್ಲ."