ಅಕ್ಕ ಹೊತ್ತ ಆಲೂಗಡ್ಡೆ

ನಮ್ಮ ಭಾವ ಆಸ್‌ಗೈರ್‌ನ ಮೇಲೆ ನನಗೆ ಇನ್ನೂ ಸಿಟ್ಟಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಾನು ಒಬ್ಬರ ಕಡೆ ವಾಲಿದೆ ಎಂದು ಯಾರೂ ಅನ್ನಬಾರದು.

ಐವತ್ತು ತುಂಬುವವರೆಗೆ ಅವನು ನೆಟ್ಟಗಿದ್ದ. ವಿದ್ಯುತ್ ಕಂಪನಿಯಲ್ಲಿ ಲೈನ್‌ಮನ್ ಕೆಲಸ, ಭಾನುವಾರ ಮೀನು ಹಿಡಿಯುವುದು, ಸಂಜೆ ಸೋಫಾದ ಮೇಲೆ ಗೊರಕೆ. ಆಮೇಲೆ ಅದೇನು ತಲೆಗೆ ಹೊಕ್ಕಿತೋ, ಬೆಟ್ಟಗಳ ನಡುವೆ ಒಳಚಾಚಿದ ಕಡಲತೋಳು ನಮ್ಮ ಫ್ಯೋರ್ಡು, ಅಲ್ಲಿಂದ ಶುರುವಾಗುವ ಆ ಹಾಳು ಸ್ಪರ್ಧೆಗೆ ಹೆಸರು ಕೊಟ್ಟ. ಬೆಳಗಿನ ಜಾವ ಫೆರ್ರಿಯಿಂದ ಕೊರೆಯುವ ನೀರಿಗೆ ಹಾರಿ ನಾಲ್ಕು ಕಿಲೋಮೀಟರ್ ಈಜಬೇಕು. ಅಲ್ಲಿಂದ ಬೆಟ್ಟಗಳನ್ನು ದಾಟಿ ನೂರೆಂಬತ್ತು ಕಿಲೋಮೀಟರ್ ಸೈಕಲ್ಲು, ಅದಾದ ಮೇಲೆ ಓಟ, ಓಟದ ಕೊನೆಗೆ ಒಂದು ಬೋಳು ಬೆಟ್ಟದ ತುದಿ. ದಾರಿಯಲ್ಲಿ ಯಾರೂ ಗುಟುಕು ನೀರು ಕೊಡುವುದಿಲ್ಲ. ಊಟ, ಬಟ್ಟೆ, ಬಿಸಿ ಸೂಪು ಎಲ್ಲವನ್ನೂ ಮನೆಯವರೇ ಕಾರಿನಲ್ಲಿ ತುಂಬಿಕೊಂಡು ಜೊತೆಗೆ ಅಲೆಯಬೇಕು. ಕೊನೆಯ ಬೆಟ್ಟವನ್ನಂತೂ ಒಬ್ಬನೇ ಹತ್ತುವಂತಿಲ್ಲ. ಬುಡದಲ್ಲಿರುವ ಗೇಟಿನಿಂದ ಮುಂದಕ್ಕೆ ಮನೆಯವರೊಬ್ಬರು ಬೆನ್ನಿಗೆ ಚೀಲ ಏರಿಸಿಕೊಂಡು ಜೊತೆಯಲ್ಲಿ ಹೋಗಲೇಬೇಕು. ಹೊತ್ತು ಮೀರಿ ಗೇಟಿಗೆ ಬಂದವರಿಗೆ ಬೆಟ್ಟವಿಲ್ಲ, ಕೆಳಗೇ ಮುಗಿಸಿ ಮನೆಗೆ ಹೋಗಬೇಕು.

ಮನೆಯವರು ಎಂದರೆ ನನ್ನ ಅಕ್ಕ ಗುನ್ವೋರ್. ಇಪ್ಪತ್ತಾರು ವರ್ಷದಿಂದ ವೃದ್ಧಾಶ್ರಮದ ಅಡುಗೆಮನೆಯಲ್ಲಿ ದುಡಿಯುತ್ತಿದ್ದಾಳೆ. ಯಾರಿಗೆ ಉಪ್ಪು ಆಗದು, ಯಾರಿಗೆ ಹಲ್ಲಿಲ್ಲ, ಯಾರು ಮೀನು ಕಂಡರೆ ಮುಖ ತಿರುಗಿಸುತ್ತಾರೆ, ಎಲ್ಲಾ ಅವಳಿಗೆ ಬಾಯಿಪಾಠ. ಅವಳಿಗೇನು ಇಷ್ಟ ಎಂದು ಕೇಳಿದವರನ್ನು ನಾನು ನೋಡಿಲ್ಲ. ಎರಡು ವರ್ಷ ಅವಳು ಹಾದಿಯುದ್ದಕ್ಕೂ ಭಾವನ ಚಾಕರಿ ಮಾಡಿದಳು. ಎರಡು ವರ್ಷವೂ ಅವನು ಗೇಟಿಗೆ ತಡವಾಗಿ ಬಂದ. ಎರಡನೆಯ ಸಲ ಅವಳು ಕಾರಿನಲ್ಲಿ ಕೂತು ಅತ್ತಾಗ, ಗಂಡನಿಗಾಗಿ ಅಳುತ್ತಿದ್ದಾಳೆ ಎಂದುಕೊಂಡೆ.

ನಿಜ ಗೊತ್ತಾದದ್ದು ಜನವರಿಯಲ್ಲಿ. ಅವಳ ಮನೆಗೆ ಹೋದರೆ, ಹಿತ್ತಿಲಾಚೆಯ ಗುಡ್ಡದಿಂದ ಹಿಮದಲ್ಲಿ ಕುಂಟುತ್ತಾ ಇಳಿದು ಬರುತ್ತಿದ್ದಳು. ಬೆನ್ನ ಮೇಲೆ ಉಬ್ಬಿದ ಕೆಂಪು ಚೀಲ.

“ಏನೇ ಅದು?”

“ಆಲೂಗಡ್ಡೆ. ಹತ್ತು ಕೆಜಿ.”

“ಗುಡ್ಡದ ಮೇಲೆ ಯಾರಿಗೆ ಬೇಯಿಸಿ ಬಡಿಸೋಕೆ ಹೋಗಿದ್ದೆ?”

“ಹಲ್ಲು ಕಿರೀಬೇಡ. ಅವನಿಗೂ ಹೇಳ್ಬೇಡ. ಅಭ್ಯಾಸ ಮಾಡ್ತಿದ್ದೀನಿ. ಈ ಸಲ ಅವನು ಟೈಮಿಗೆ ಸರಿಯಾಗಿ ಗೇಟಿಗೆ ಬಂದೇ ಬರ್ತಾನೆ. ಆಮೇಲೆ ನನ್ನಿಂದ ತಡ ಆಯ್ತು ಅನ್ನಿಸ್ಕೋಬಾರ್ದು.” ಚೀಲ ಕೆಳಗಿಟ್ಟು ಸೊಂಟ ನೆಟ್ಟಗೆ ಮಾಡಿಕೊಂಡಳು. “ನನಗೂ ಒಂದ್ಸಲ ಆ ತುದಿ ನೋಡ್ಬೇಕು ಕಣೇ. ಕೆಳಗೆ ನಿಂತು ನಿಂತು ಸಾಕಾಗಿದೆ.”

ಮೂರು ವರ್ಷದ ಹಿಂದೆ ಮಂಜುಗಡ್ಡೆಯ ಮೇಲೆ ಜಾರಿ ಅವಳ ಎಡ ಮೊಣಕಾಲಿಗೆ ಪೆಟ್ಟಾಗಿತ್ತು. ಅದೇ ಕಾಲಿನಲ್ಲಿ, ಭಾವ ಕೆಲಸಕ್ಕೆ ಹೋದ ಮೇಲೆ, ದಿನ ಬಿಟ್ಟು ದಿನ ಗುಡ್ಡ ಹತ್ತಿಳಿದಳು. ಆಲೂಗಡ್ಡೆ ಮೊಳಕೆ ಒಡೆದಾಗ ಅದನ್ನು ಹಿತ್ತಿಲಲ್ಲಿ ನೆಟ್ಟು ಚೀಲಕ್ಕೆ ಹೊಸದು ತುಂಬಿದಳು. ನಾನು ಯಾರಿಗೂ ಹೇಳಲಿಲ್ಲ.

ಸ್ಪರ್ಧೆಯ ದಿನ ಕಾರು ಓಡಿಸಿದ್ದು ನಾನು. ಆಗಸ್ಟ್ ತಿಂಗಳಲ್ಲೂ ಬೆಟ್ಟದ ರಸ್ತೆಯ ಮೇಲೆ ಹಿಮ ಬೆರೆತ ಮಳೆ. ಭಾವ ನಡುದಾರಿಯಲ್ಲಿ ಊಟಕ್ಕೆಂದು ಸೈಕಲ್ಲಿನಿಂದ ಇಳಿದಾಗ ತುಟಿ ನೀಲಿಗಟ್ಟಿತ್ತು, ಬೆರಳು ಮಡಚಲು ಬರುತ್ತಿರಲಿಲ್ಲ. ಅಕ್ಕ ಅವನ ಒದ್ದೆ ಗ್ಲೌಸು ಎಳೆದು ಹಾಕಿ, ಆ ಕೈಗಳನ್ನು ತನ್ನ ಸ್ವೆಟರಿನೊಳಗೆ ತೂರಿಸಿ ಹೊಟ್ಟೆಗೆ ಒತ್ತಿಕೊಂಡಳು. ಚಳಿಗೆ ಅವಳ ಮೈಯೇ ನಡುಗಿತು.

“ಆಲೂಗಡ್ಡೆ ತಣ್ಣಗಿದೆ!” ಎಂದ ಭಾವ, ಬಾಯಿ ತುಂಬಿಕೊಂಡೇ.

“ಬೆಳಗಿನ ಜಾವ ಮೂರಕ್ಕೆ ಬೇಯಿಸಿದ್ದು. ತಣ್ಣಗಿರದೆ ಕೊತಕೊತ ಕುದೀತಿರುತ್ತಾ?” ಎಂದೆ ನಾನು.

“ನೀನು ಸುಮ್ನಿರೇ ಬೆರಿಟ್,” ಎಂದು ಅಕ್ಕ ನನ್ನನ್ನೇ ಗದರಿಸಿದಳು. “ಸೂಪು ಕುಡಿ ಆಸ್‌ಗೈರ್, ಬಿಸಿ ಇದೆ.”

“ಬಾರ್ಲಿ ಹಾಕ್ಬೇಡ ಅಂದಿದ್ನಲ್ಲ!”

ಅವಳು ಒಂದೊಂದೇ ಬಾರ್ಲಿ ಕಾಳನ್ನು ಚಮಚದಲ್ಲಿ ಎತ್ತಿ ಹೊರಗೆ ಹಾಕಿದಳು. ನಮ್ಮಲ್ಲಿ ಊಟ ಮುಗಿಸಿ, ಉಣಿಸಿದವರಿಗೆ ಥ್ಯಾಂಕ್ಸ್ ಹೇಳದೆ ಸಣ್ಣ ಮಗು ಕೂಡ ಮೇಜು ಬಿಟ್ಟು ಏಳುವುದಿಲ್ಲ. ಈ ಮಹಾಶಯ ಖಾಲಿ ಕಪ್ಪನ್ನು ಅವಳ ಕೈಗೆ ತುರುಕಿ ಸೈಕಲ್ ಹತ್ತಿದ. ನನಗೆ ಮೈಯೆಲ್ಲ ಉರಿಯಿತು. ಅವನು ಪಕ್ಕದ ಮನೆಯ ಹುಡುಗ, ಚಿಕ್ಕಂದಿನಿಂದ ಹೋಗೋ ಬಾರೋ ಎಂದು ಕರೆದವಳು ನಾನು. ಎರಡು ಬಿಗಿಯಬೇಕು ಅನ್ನಿಸಿತು.

ಸಂಜೆ ಗೇಟಿನ ಬಳಿ ಕಾದೆವು. ಅಕ್ಕ ಚೀಲವನ್ನು ನಾಲ್ಕು ಸಲ ಬಿಚ್ಚಿ ನೋಡಿದಳು. ಜಾಕೆಟ್ಟು, ತಲೆಗೆ ಕಟ್ಟುವ ದೀಪ, ಒಣ ಸಾಕ್ಸು, ಸೂಪಿನ ಫ್ಲಾಸ್ಕು. ಗೇಟು ಮುಚ್ಚಲು ಹನ್ನೊಂದು ನಿಮಿಷ ಇರುವಾಗ ತಿರುವಿನಲ್ಲಿ ಭಾವ ಕಾಣಿಸಿಕೊಂಡ. ಅಕ್ಕ ಒಂದು ಕೂಗು ಹಾಕಿದಳು ನೋಡಿ! ಇಪ್ಪತ್ತಾರು ವರ್ಷ ಮುದುಕರ ಕಿವಿಗೆ ಬೀಳಲೆಂದು ಗಟ್ಟಿಯಾಗಿ ಮಾತಾಡಿ ಬೆಳೆದ ಗಂಟಲು ಅದು. ಚೀಲ ಬೆನ್ನಿಗೇರಿಸಿ ಪಟ್ಟಿ ಬಿಗಿದುಕೊಂಡಳು.

ಗೇಟಿನಲ್ಲಿ ಹಳದಿ ಜಾಕೆಟ್ಟಿನ ಹೆಂಗಸು ಹೆಸರಿನ ಪಟ್ಟಿ ನೋಡಿ ಓದಿದಳು. “ಆಸ್‌ಗೈರ್. ಜೊತೆಗೆ ಹೋಗೋರು ಬೆರಿಟ್. ನೀವೇನಾ?”

“ಅಲ್ಲ ಅಲ್ಲ, ಬೆರಿಟ್ ನನ್ನ ತಂಗಿ,” ಅಕ್ಕ ನಕ್ಕಳು. “ತಪ್ಪು ಬರ್ಕೊಂಡಿದ್ದೀರಿ.”

ಆ ಹೆಂಗಸು ಹಾಳೆ ತಿರುಗಿಸಿ ತೋರಿಸಿದಳು. ಭಾವ ತನ್ನ ಬೂಟು ನೋಡುತ್ತಾ ನಿಂತ. ನನಗೆ ಆಗ ಹೊಳೆಯಿತು. ಏಪ್ರಿಲ್‌ನಲ್ಲಿ ಇವನು ಫೋನಿನಲ್ಲಿ, “ಬರುವಾಗ ಬೆಟ್ಟದ ಬೂಟು ತಾ” ಎಂದಿದ್ದ, ನಾನು ಬೆಪ್ಪಿ ತಂದೂ ಇದ್ದೆ.

“ನಿನ್ನ ಮೊಣಕಾಲು... ನೋವಾಗುತ್ತೆ ಅಂತ,” ಎಂದ. ಹಲ್ಲು ಕಟಕಟ ಎನ್ನುತ್ತಿತ್ತು. “ಬೆರಿಟ್ ಬೇಗ ಹತ್ತುತ್ತಾಳೆ. ಅದಕ್ಕೇ.”

“ಯಾವಾಗ ಬರೆಸ್ದೆ?”

“ನವೆಂಬರ್‌ನಲ್ಲಿ.”

ಅಕ್ಕ ಗುಡ್ಡ ಹತ್ತಲು ಶುರು ಮಾಡಿದ್ದು ಡಿಸೆಂಬರ್‌ನಲ್ಲಿ. ಒಂದೇ ಮನೆಯಲ್ಲಿ, ಒಂದೇ ಮೇಜಿನಲ್ಲಿ ಒಂಬತ್ತು ತಿಂಗಳು ಉಂಡಿದ್ದಾರೆ. ಒಬ್ಬರೂ ಬಾಯಿ ಬಿಟ್ಟಿಲ್ಲ. ನಮ್ಮ ಜನದ ರೋಗವೇ ಇದು. ನೋಯಿಸುವ ಮಾತನ್ನು ಎದುರಿಗೆ ಹೇಳುವುದಿಲ್ಲ, ಫಾರಂನಲ್ಲಿ ಬರೆದಿಟ್ಟು ತಾನಾಗಿಯೇ ಗೊತ್ತಾಗಲಿ ಎಂದು ಕಾಯುತ್ತೇವೆ. ನಾನಾದರೂ ಕಡಿಮೆಯೇ? ಜನವರಿಯಲ್ಲೇ ಅವನ ಕಿವಿ ಹಿಂಡಿ ಆಲೂಗಡ್ಡೆಯ ಸಂಗತಿ ಹೇಳಬಹುದಿತ್ತು.

“ನಾನು ಬರಲ್ಲ,” ಎಂದೆ. “ಬೂಟು ಕಾರಲ್ಲಿದೆ. ಬೇಕಾದ್ರೆ ಅದನ್ನೇ ಜೊತೇಲಿ ಕರ್ಕೊಂಡ್ಹೋಗು.”

“ಹೆಸರು ಬದಲಾಯಿಸಬಹುದು,” ಎಂದಳು ಗೇಟಿನ ಹೆಂಗಸು. “ಆದ್ರೆ ಓಟಗಾರರೇ ಹೇಳ್ಬೇಕು. ಇನ್ನು ಆರು ನಿಮಿಷ ಇದೆ.”

ಭಾವ ನನ್ನನ್ನು ನೋಡಿದ, ಬೆಟ್ಟ ನೋಡಿದ, ಅಕ್ಕನ ಮೊಣಕಾಲು ನೋಡಿದ. ಮುಖ ನೋಡಲಿಲ್ಲ. ಹೇಳೋ, ಹೇಳೋ ಪಾಪಿ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ.

ಅಕ್ಕ ಗೇಟಿನ ಹೆಂಗಸಿನ ಕಡೆ ತಿರುಗಿದಳು. “ನನ್ನನ್ನ ಬಿಟ್ಟು ಇವನು ಹತ್ತೋ ಹಾಗಿಲ್ಲ, ಸರಿ. ಇವನನ್ನ ಬಿಟ್ಟು ನಾನು ಹತ್ತಬಾರ್ದು ಅಂತ ರೂಲ್ಸ್ ಇದೆಯಾ?”

“ಇಲ್ಲಪ್ಪ. ಬೆಟ್ಟ ಯಾರಪ್ಪಂದೂ ಅಲ್ಲ.”

“ಹಾಗಾದ್ರೆ ದಾರಿ ಬಿಡಿ.”

ಅಕ್ಕ ನಡೆದೇಬಿಟ್ಟಳು. ಹಿಂತಿರುಗಿ ನೋಡಲಿಲ್ಲ. ಬಂಡೆಗಳ ನಡುವೆ ಕೆಂಪು ಚೀಲ ಇಪ್ಪತ್ತು ಹೆಜ್ಜೆ, ಮೂವತ್ತು ಹೆಜ್ಜೆ ಮೇಲೇರಿತು. ಆಗ ಬಂತು ಭಾವನ ದನಿ. “ಗುನ್ವೋರ್! ಗುನ್ವೋರ್ ಅಂತ ಬರ್ಕೊಳ್ಳಿ!” ಎನ್ನುತ್ತಾ ಕೈಕಾಲು ಊರಿಕೊಂಡು ಅವಳ ಹಿಂದೆ ಬಿದ್ದ.

ಮೂರು ಗಂಟೆ ಕಳೆದು ಇಬ್ಬರೂ ಇಳಿದು ಬಂದರು. ಭಾವನ ಮೈಮೇಲೆ ತುದಿ ಮುಟ್ಟಿದವರಿಗೆ ಕೊಡುವ ಅಂಗಿ ಇತ್ತು. ಜೊತೆಗೆ ಹೋದವರಿಗೆ ಅಂಗಿ ಇಲ್ಲ. ಅವನು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಮುದುಡಿಕೊಂಡ. ಅಕ್ಕ ನನ್ನ ಪಕ್ಕ ಕೂತು ಊದಿದ ಮೊಣಕಾಲು ಒತ್ತಿಕೊಳ್ಳುತ್ತಿದ್ದಳು.

“ಅರ್ಧ ದಾರೀಲಿ ನಿಧಾನ ಹೋಗೇ ಅಂತ ಗೋಗರೆದ,” ಎಂದಳು. “ನಿಂತ್ರೆ ನನ್ನ ಮೊಣಕಾಲು ಮತ್ತೆ ಏಳಲ್ಲ, ನೀನೇ ಬೇಗ ಬಾ ಅಂದೆ.”

“ತುದಿ ಹೇಗಿತ್ತೇ?”

ಅವಳು ಕಾರಿನ ಗಾಜು ಒರೆಸಿ ಬೆಟ್ಟದ ಕಡೆ ನೋಡಿದಳು.

“ಬರೀ ಮಂಜು ಕಣೇ. ನನ್ನ ಕೈಯೇ ನನಗೆ ಕಾಣ್ಲಿಲ್ಲ. ಇವನಿಗೆ ಬಟ್ಟೆ ಬದಲಾಯಿಸಿ, ಸೂಪು ಕುಡಿಸಿ, ಇಳಿಸ್ಕೊಂಡು ಬಂದೆ.” ಕೆಂಪು ಚೀಲವನ್ನು ಮಡಿಲಿಗೆ ಎಳೆದುಕೊಂಡಳು. “ಬಿಸಿಲಿರೋ ದಿನ ನೋಡಿ ಮತ್ತೆ ಹೋಗ್ತೀನಿ. ಒಬ್ಳೇ.”

ಹಿಂದಿನ ಸೀಟಿನಲ್ಲಿ ಭಾವನ ಕಣ್ಣು ಮುಚ್ಚಿಯೇ ಇತ್ತು, ಗೊರಕೆ ಮಾತ್ರ ಬರುತ್ತಿರಲಿಲ್ಲ.