ಶೇಖರಪ್ಪನವರ ಮರದ ಕಟ್ಟೆ

ಕಡಲಾಚೆಯ ಈ ಸೆಂಬವಾಂಗಿನಲ್ಲಿ ನಾವಿರುವ ಫ್ಲ್ಯಾಟ್ ಬ್ಲಾಕಿಗೆ ಅಂಟಿಕೊಂಡಂತೆ ಒಂದು ಭಾರಿ ಮಳೆಮರವಿದೆ. ಅದರ ಕೊಂಬೆಗಳು ನಾಲ್ಕನೇ ಮಹಡಿಯ ನನ್ನ ಅಡುಗೆಮನೆ ಕಿಟಕಿಯವರೆಗೂ ಬಂದಿವೆ. ಅದನ್ನು ನೋಡಿಕೊಳ್ಳಲು ಟೌನ್ ಕೌನ್ಸಿಲ್ ಇದೆ. ಆದರೆ ಎರಡನೇ ಮಹಡಿಯ ಶೇಖರಪ್ಪ ಅಂಕಲ್‌ಗೆ ಅಷ್ಟು ಸಾಲದು. ಗದಗದ ಕಡೆಯವರು, ಶಿಪ್‌ಯಾರ್ಡಿನಲ್ಲಿ ಇಪ್ಪತ್ತಾರು ವರ್ಷ ವೆಲ್ಡಿಂಗ್ ಸೂಪರ್‌ವೈಸರ್ ಆಗಿದ್ದು ನಿವೃತ್ತರಾದವರು. ಕೈಕಟ್ಟಿ ಕೂರುವ ಜಾಯಮಾನವೇ ಅಲ್ಲ. ಬೆಳಗ್ಗೆ ಎದ್ದು ಮರಕ್ಕೊಂದು ಸುತ್ತು ಹಾಕಿ, ಯಾರಾದರೂ ಟ್ಯೂಷನ್ ಪೋಸ್ಟರ್ ಅಂಟಿಸಿದ್ದರೆ ಕಿತ್ತೆಸೆದ ಮೇಲೇ ಅವರಿಗೆ ಚಹಾ ಇಳಿಯುವುದು.

"ಇವ್ರು ಆ ಗಿಡದ ಜೋಡೀನ ಲಗ್ನ ಆಗ್ಬೇಕಿತ್ತು ನೋಡ್ರಿ," ಎಂದು ಅವರ ಹೆಂಡತಿ ಗಿರಿಜಾಬಾಯಿ ಆಂಟಿ ನನ್ನ ಮುಂದೆ ಅಣಕಿಸುತ್ತಿದ್ದರು.

ಕಳೆದ ವರ್ಷ ಅಂಕಲ್‌ಗೆ ಮರದಲ್ಲೊಂದು ಕೊರತೆ ಕಂಡಿತು. ಇಷ್ಟು ದೊಡ್ಡ ಮರ, ಸುತ್ತ ಕಟ್ಟೆಯೇ ಇಲ್ಲ! ಕಟ್ಟೆಯಿಲ್ಲದ ದೊಡ್ಡ ಮರವನ್ನು ನಮ್ಮಲ್ಲಿ ಯಾರು ನೋಡಿದ್ದಾರೆ? ಸರಿ, ಯಾರದೋ ಮನೆ ರಿನೋವೇಶನ್ನಿನಲ್ಲಿ ಉಳಿದ ಇಟ್ಟಿಗೆ ಬೇಡಿ ತಂದರು, ಬುಡದ ಸುತ್ತ ಜೋಡಿಸಿದರು, ಮೊಣಕಾಲೆತ್ತರ ಮಣ್ಣು ತುಂಬಿ ನಾಲ್ಕು ಹೂಗಿಡ ನೆಟ್ಟರು. ಯಾರ ಅನುಮತಿಯನ್ನೂ ಕೇಳಲಿಲ್ಲ. ಬ್ಲಾಕಿನವರು ಇದು ಯಾವುದೋ ಕಮ್ಯುನಿಟಿ ಗಾರ್ಡನ್ ಎಂದುಕೊಂಡು ಸುಮ್ಮನಿದ್ದರು. ನನಗೆ ಎಲ್ಲವೂ ಗೊತ್ತಿತ್ತು. ಆದರೂ ಸಂಜೆ ಆ ಕಟ್ಟೆಯ ಮೇಲೆ ಕೂತು ಆಂಟಿಯ ಗಿರಮಿಟ್ ತಿನ್ನುತ್ತ ಹೊಗಳಿದ್ದೇ ಹೊಗಳಿದ್ದು.

ಹತ್ತು ತಿಂಗಳಿಗೆ ಮಣ್ಣಿನಂಚಿನ ತೊಗಟೆಯಲ್ಲಿ ಕಂದು ಅಣಬೆ ಎದ್ದಿತು. ಟೌನ್ ಕೌನ್ಸಿಲ್ ಕಳಿಸಿದ ಮರಗಳ ತಜ್ಞೆ ಫರೀದಾ ಬಂದು, ಸುತ್ತಿಗೆಯಿಂದ ಬಡಿದು, ಮುಖ ಗಂಟಿಕ್ಕಿದರು. ಕಾಂಡ ಒಳಗೆ ಕೊಳೆತಿದ್ದರೆ ಮನೆಗಳಿಗೆ ಇಷ್ಟು ಹತ್ತಿರದ ಮರವನ್ನು ಉಳಿಸುವಂತಿಲ್ಲ, ಮುಂದಿನ ವಾರ ಯಂತ್ರ ತಂದು ನೋಡುತ್ತೇವೆ ಎಂದರು. ಬುಡಕ್ಕೆ ಹೀಗೆ ಮಣ್ಣು ಪೇರಿಸಿದರೆ ತೊಗಟೆ ಉಸಿರುಕಟ್ಟಿ ಕೊಳೆಯುತ್ತದೆ, ಯಾರು ಮಾಡಿದ್ದು ಎಂದೂ ಕೇಳಿದರು. ಅಂಕಲ್ ಬಾಯಿ ಬಿಡಲಿಲ್ಲ. ಪಕ್ಕದಲ್ಲೇ ನಿಂತಿದ್ದ ನಾನೂ ಬಿಡಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆ ವಾರವೆಲ್ಲ ಅವರು ಸರಿಯಾಗಿ ಉಣ್ಣಲಿಲ್ಲ. ಲಿಫ್ಟಿನ ಹತ್ತಿರ ಸಿಕ್ಕಾಗ ಹೇಳಿದರು: "ಎಂತೆಂಥಾ ಹಡಗಿನ ತಳಕ್ಕ ಹನಿ ನೀರು ಬರದಂಗ ವೆಲ್ಡ್ ಮಾಡ್ಸೀನ್ರೀ ನಳಿನಿ. ಒಂದ್ ಗಿಡ ಕಾಯೋದಾಗ್ಲಿಲ್ಲ ನನಗ. ನಾನೇ ಕೊಂದೆ."

"ಹೇಳ್ಬಿಡಿ ಅಂಕಲ್. ಜಾಸ್ತಿ ಅಂದ್ರೆ ಫೈನ್ ಹಾಕ್ತಾರೆ."

"ಫೈನ್ ಹಾಕ್ಲಿ ಬಿಡ್ರಿ. ಹೇಳಿದ್ರ ಗಿಡ ಉಳೀತೈತೇನು?"

ಯಂತ್ರ ಬಂದ ದಿನ ಅವರೇ ಮುಂದೆ ಹೋಗಿ ನಿಂತು, ಮಣ್ಣು ಹಾಕಿದ್ದು ನಾನು ಎಂದು ಇಂಗ್ಲಿಷಿನಲ್ಲಿ ಒಪ್ಪಿಕೊಂಡರು. ಯಾವಾಗ ಎಂದು ಫರೀದಾ ಕೇಳಿದರು. ಹತ್ತೇ ತಿಂಗಳೆಂದು ತಿಳಿದಾಗ ಆಕೆಯ ಮುಖ ಸ್ವಲ್ಪ ಸಡಿಲವಾಯಿತು. ಹಾಗಾದರೆ ಕೊಳೆತ ಒಳಕ್ಕೆ ಹೋಗಿರದೆ ಇರಬಹುದು, ಮೊದಲು ಮಣ್ಣು ತೆಗೆಯೋಣ ಎಂದರು. ಕೆಲಸಗಾರರು ಸಲಿಕೆ ಎತ್ತುವ ಮೊದಲೇ ಅಂಕಲ್ ಮಂಡಿಯೂರಿ ಬರಿಗೈಯಲ್ಲಿ ಕೆದಕತೊಡಗಿದ್ದರು. ಬೇರಿಗೆ ಪೆಟ್ಟಾಗಬಾರದಂತೆ! ಇಟ್ಟಿಗೆಗಳೆಲ್ಲ ಹೊರಬಿದ್ದವು. ಕೆಳಗೆ ತೊಗಟೆ ಕಪ್ಪಾಗಿ, ನೆನೆದ ರಟ್ಟಿನಂತೆ ಮೆತ್ತಗಾಗಿತ್ತು. ಅಂಕಲ್ ಕಣ್ಣು ಮುಚ್ಚಿಕೊಂಡರು.

ಯಂತ್ರದ ಸಣ್ಣ ಸೂಜಿ ನಾಲ್ಕು ಕಡೆ ಕಾಂಡದೊಳಗೆ ಹೋಗಿಬಂತು. ಅದು ಕಾಗದದ ಮೇಲೆ ಮೂಡಿಸಿದ ಗೆರೆಗಳನ್ನು ಫರೀದಾ ಎರಡೆರಡು ಸಲ ನೋಡಿದರು. ಕೊನೆಗೆ, "ಇನ್‌ಸೈಡ್ ಆಲ್ ಗುಡ್, ಅಂಕಲ್. ಸ್ಕಿನ್ ಓನ್ಲಿ. ದಿಸ್ ಟ್ರೀ ಸ್ಟೇ. ಬಟ್ ನೋ ಮೋರ್ ಗಾರ್ಡನ್, ಆ!" ಎಂದರು.

ಅಂಕಲ್ ಅಲ್ಲೇ ಕೆಸರಿನಲ್ಲಿ ಕುಸಿದು ಕೂತು ಗೊಳೋ ಎಂದು ಅತ್ತುಬಿಟ್ಟರು. ನನಗೂ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮೇಲಿನಿಂದ ಎಲ್ಲ ನೋಡುತ್ತಿದ್ದ ಆಂಟಿ ಕೆಳಗಿಳಿದು ಬಂದರು. ಬೈಯುತ್ತಾರೇನೋ ಎಂದುಕೊಂಡೆ. ಅವರು ಸೆರಗಿನಿಂದ ಗಂಡನ ಮುಖದ ಕೆಸರು ಒರೆಸಿದರು.

"ಗಿಡ ಉಸಿರಾಡಾಕ್ಹತ್ತೇತಿ. ಇನ್ನ ನೀವೂ ಉಸಿರು ಬಿಡ್ರಿ," ಎಂದರು. "ಏಳ್ರಿ, ರೊಟ್ಟಿ ಬಡೀತೀನಿ."